ಇಂಗ್ಲಿಷ್–ಸ್ಪ್ಯಾನಿಷ್ ಪದಜೋಡಿಗಳು ಮತ್ತು ಅವುಗಳ ನಿಘಂಟುಗಳು

ಇಂಗ್ಲಿಷ್ ಪದಕ್ಕೆ ಎದುರಾಗಿ ಸ್ಪ್ಯಾನಿಷ್ ಪದ ಬರೆದಿಡುವ ಕೆಲಸ 16ನೆಯ ಶತಮಾನದ ಲಂಡನ್ನಿನಲ್ಲಿ ಶುರುವಾಯಿತು. ಈಗ ಅದು ಮೊಬೈಲ್ ಪರದೆಯ ಮೇಲೆ ನಡೆಯುತ್ತಿದೆ. ಎರಡೂ ಇಂಡೊ-ಯುರೋಪಿಯನ್ ಬಳಗದ ಭಾಷೆಗಳೇ. ಇಂಗ್ಲಿಷ್ ಆ ಬಳಗದ ಜರ್ಮ್ಯಾನಿಕ್ ಕವಲಿಗೆ ಸೇರಿದ್ದು, ಸ್ಪ್ಯಾನಿಷ್ ಲ್ಯಾಟಿನ್ನಿನಿಂದ ಇಳಿದು ಬಂದದ್ದು. ಕವಲು ಬೇರೆಯಾದರೂ ಇಂಗ್ಲಿಷ್ ಬಲ್ಲವರು ಸ್ಪ್ಯಾನಿಷ್ ಪತ್ರಿಕೆಯ ಮುಖಪುಟ ತೆರೆದರೆ ಸಾಕಷ್ಟು ಪದಗಳ ಗುರುತು ಸಿಗುತ್ತದೆ. ಈ ಗುರುತು ಕಲಿಯುವವರಿಗೆ ಅನುಕೂಲವೂ ಹೌದು, ಅಪಾಯವೂ ಹೌದು. ತೂಕದ ಪದಗಳು ಸಲೀಸಾಗಿ ಜೋಡಿಯಾಗುತ್ತವೆ. ನಿಘಂಟುಕಾರರ ಬೆವರಿಳಿಸುವುದು ದಿನಬಳಕೆಯ ಪುಟ್ಟ ಪದಗಳು. ಈ ಲೇಖನದಲ್ಲಿ ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಯಂತೆ ಬರೆದಿದೆ.

ರಾಜಮದುವೆ, ನೌಕಾಯುದ್ಧ, ನಿಘಂಟು

1554ರ ಜುಲೈನಲ್ಲಿ ಇಂಗ್ಲೆಂಡಿನ ರಾಣಿ ಮೇರಿ ಸ್ಪೇನಿನ ಯುವರಾಜ ಫಿಲಿಪನನ್ನು ವಿಂಚೆಸ್ಟರಿನಲ್ಲಿ ಮದುವೆಯಾದಳು. ಅವನ ಹಿಂದೆ ದೊಡ್ಡ ಸ್ಪ್ಯಾನಿಷ್ ಪರಿವಾರವೂ ಬಂತು. ಅದೇ ಹೊತ್ತಿಗೆ ಲಂಡನ್ನಿನ ಮುದ್ರಕರು ಎರಡು ಭಾಷೆಗಳ ಸಣ್ಣ ಪುಸ್ತಿಕೆಗಳನ್ನು ಹೊರತಂದರು. ಯುರೋಪಿನ ಪೇಟೆಗಳಲ್ಲಿ ಆಗಲೇ ಓಡಾಡುತ್ತಿದ್ದ ಬಹುಭಾಷಾ ಕೈಪಿಡಿಗಳ ಮಾದರಿ ಇವಕ್ಕಿತ್ತು: ಊಟದ ಮೇಜಿನ ಮಾತು, ಕೊಳ್ಳುವ-ಮಾರುವ ಮಾತು, ಕೊಟ್ಟ ಸಾಲ ಕೇಳುವ ಮಾತು, ಕೊನೆಗೆ ಒಂದಿಷ್ಟು ಪದಪಟ್ಟಿ.

ನಿಜವಾದ ನಿಘಂಟು ಬಂದದ್ದು ಸ್ನೇಹದ ಕಾಲದಲ್ಲಲ್ಲ, ಹಗೆಯ ಕಾಲದಲ್ಲಿ. ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ಸ್ಪೇನಿನ ನೌಕಾಪಡೆ 1588ರಲ್ಲಿ ಸೋತು ಚದುರಿತು. 1590ರಲ್ಲಿ ಆಂಟೋನಿಯೊ ದೆಲ್ ಕೊರ್ರೊನ ಸ್ಪ್ಯಾನಿಷ್ ವ್ಯಾಕರಣವನ್ನು ಜಾನ್ ಥೋರಿಯಸ್ ಇಂಗ್ಲಿಷಿಗೆ ತಂದು, ಜೊತೆಗೆ ಒಂದು ಪದಕೋಶ ಸೇರಿಸಿದ. ಕೊರ್ರೊ ಸೆವಿಲ್ ನಗರದ ಸಂನ್ಯಾಸಿಯಾಗಿದ್ದು, ಪ್ರಾಟೆಸ್ಟೆಂಟ್ ಮತಕ್ಕೆ ಒಲಿದು ದೇಶ ಬಿಟ್ಟವನು. ಮರುವರ್ಷ, 1591ರಲ್ಲಿ, ರಿಚರ್ಡ್ ಪರ್ಸಿವಲ್‌ನ ‘ಬಿಬ್ಲಿಯೊಥೆಕಾ ಹಿಸ್ಪಾನಿಕಾ’ ಹೊರಬಂತು. ಸ್ಪ್ಯಾನಿಷ್ ಪದ, ಅದಕ್ಕೆ ಇಂಗ್ಲಿಷ್ ಮತ್ತು ಲ್ಯಾಟಿನ್ ಅರ್ಥ ಎಂಬುದು ಅದರ ಕ್ರಮ. ಸ್ಪೇನಿನಲ್ಲಿ ಕೆಲವು ವರ್ಷ ಇದ್ದು ಬಂದಿದ್ದ ಪರ್ಸಿವಲ್, ನೌಕಾಪಡೆಗೆ ಸಂಬಂಧಿಸಿ ಕೈಗೆ ಸಿಕ್ಕಿದ ಸ್ಪ್ಯಾನಿಷ್ ಕಾಗದಗಳನ್ನು ಸರ್ಕಾರಕ್ಕೆ ಬಿಡಿಸಿಕೊಟ್ಟವನೆಂದು ಅವನ ಚರಿತ್ರೆಕಾರರು ಹೇಳುತ್ತಾರೆ. ಶತ್ರುವಿನ ಪತ್ರ ಓದಿದ ಕೈಯೇ ನಿಘಂಟನ್ನೂ ಬರೆಯಿತು.

ಅಲ್ಲಿಯವರೆಗೆ ದಾರಿ ಒಮ್ಮುಖ: ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ. ಇಂಗ್ಲಿಷ್ ಪದ ಹುಡುಕಿದರೆ ಸ್ಪ್ಯಾನಿಷ್ ಸಿಗುವ ವಿಭಾಗವನ್ನು ಸೇರಿಸಿದವನು ಲಂಡನ್ನಿನ ಭಾಷಾಬೋಧಕ ಜಾನ್ ಮಿನ್ಶೂ. 1599ರ ಅವನ ನಿಘಂಟು ಪರ್ಸಿವಲ್‌ನ ಪುಸ್ತಕದ ವಿಸ್ತರಣೆ. ಮುಖಪುಟದಲ್ಲೇ ಹಾಗೆಂದು ಒಪ್ಪಿಕೊಂಡಿದ್ದಾನೆ. ಆ ಕಾಲದಲ್ಲಿ ಇದು ಅಪರೂಪದ ಪ್ರಾಮಾಣಿಕತೆ. 1617ರಲ್ಲಿ ಅವನೇ ಹನ್ನೊಂದು ಭಾಷೆಗಳ ಮಹಾಕೋಶವೊಂದನ್ನು ತಂದ. ಅದರ ಖರ್ಚಿಗೆ ಕೊಳ್ಳುಗರಿಂದ ಚಂದಾ ಎತ್ತಿ, ಅವರ ಹೆಸರುಗಳ ಪಟ್ಟಿಯನ್ನೂ ಅಚ್ಚು ಹಾಕಿಸಿದ. ಇಂಗ್ಲೆಂಡಿನ ಪುಸ್ತಕ ವ್ಯಾಪಾರದಲ್ಲಿ ಚಂದಾ ಪದ್ಧತಿಯ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

18ನೆಯ ಶತಮಾನದ ನಿಘಂಟುಗಳು ಒಂದರ ಬೆನ್ನ ಮೇಲೆ ಇನ್ನೊಂದು ಹತ್ತಿ ಬಂದವು. 1706ರಲ್ಲಿ ಕ್ಯಾಪ್ಟನ್ ಜಾನ್ ಸ್ಟೀವನ್ಸ್, 1740ರಲ್ಲಿ ಲಂಡನ್ ಸೇರಿದ್ದ ಸ್ಪ್ಯಾನಿಷ್ ಬೋಧಕ ಪೆದ್ರೊ ಪಿನೇದಾ, 1763ರಲ್ಲಿ ಗಿರಾಲ್ ದೆಲ್ಪಿನೊ, 1778ರಲ್ಲಿ ಜೋಸೆಫ್ ಬರೆಟ್ಟಿ. ಬರೆಟ್ಟಿ ಇಟಲಿಯ ಟ್ಯೂರಿನ್ ಊರಿನವ, ಇಂಗ್ಲಿಷ್ ನಿಘಂಟಿನ ಸ್ಯಾಮ್ಯುಯೆಲ್ ಜಾನ್ಸನ್ನನ ಗೆಳೆಯ. 1769ರಲ್ಲಿ ಲಂಡನ್ನಿನ ಬೀದಿಜಗಳದಲ್ಲಿ ಒಬ್ಬನನ್ನು ಚೂರಿಯಿಂದ ಇರಿದು ಕೊಂದ ಆರೋಪ ಬಂದಾಗ ಜಾನ್ಸನ್, ಎಡ್ಮಂಡ್ ಬರ್ಕ್, ನಟ ಡೇವಿಡ್ ಗ್ಯಾರಿಕ್ ಅವನ ಪರ ಸಾಕ್ಷಿ ನುಡಿದರು, ಬಿಡುಗಡೆಯಾಯಿತು. ಆಮೇಲೆ ಒಂಬತ್ತು ವರ್ಷಕ್ಕೆ ಸ್ಪ್ಯಾನಿಷ್ ನಿಘಂಟು. ಅವನ ಹೆಸರು 19ನೆಯ ಶತಮಾನದುದ್ದಕ್ಕೂ ‘ನ್ಯೂಮನ್ ಮತ್ತು ಬರೆಟ್ಟಿ’ ನಿಘಂಟಿನ ರಟ್ಟಿನ ಮೇಲೆ ಉಳಿಯಿತು.

ಸ್ಪೇನಿನ ಒಳಗೇ ಇಂಥದೊಂದು ನಿಘಂಟು ಹುಟ್ಟಲು 1797–98ರವರೆಗೆ ಕಾಯಬೇಕಾಯಿತು. ಕಾನಲಿ ಮತ್ತು ಹಿಗಿನ್ಸ್ ಎಂಬ ಇಬ್ಬರು ಪಾದ್ರಿಗಳು ನಾಲ್ಕು ಸಂಪುಟಗಳನ್ನು ಮ್ಯಾಡ್ರಿಡ್‌ನ ರಾಜಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಅಷ್ಟರಲ್ಲಿ ಸ್ಪೇನಿನ ರಾಜ ಅಕಾಡೆಮಿಯ ಆರು ಸಂಪುಟಗಳ ನಿಘಂಟು (1726–39) ಬಂದಿತ್ತು, ಜಾನ್ಸನ್ನನದೂ (1755) ಬಂದಿತ್ತು. ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಲು ಆಗ ಎರಡು ದಡದಲ್ಲೂ ಗಟ್ಟಿ ನೆಲ ಸಿಕ್ಕಿತು. 1848ರಲ್ಲಿ ಮೆಕ್ಸಿಕೊದ ಉತ್ತರ ಭಾಗ ಅಮೆರಿಕದ ಪಾಲಾದ ಮೇಲೆ ಈ ಉದ್ಯೋಗದ ಕೇಂದ್ರ ಅಟ್ಲಾಂಟಿಕ್ ದಾಟಿತು. ಮೆಕ್ಸಿಕೊದಲ್ಲಿ ಹುಟ್ಟಿ ಕೊಲಂಬಿಯಾ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮರಿಯಾನೊ ವೆಲಾಸ್ಕೆಸ್ ದೆ ಲಾ ಕಾದೆನಾ 1852ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟಿಸಿದ ನಿಘಂಟು ಪರಿಷ್ಕಾರಗೊಳ್ಳುತ್ತಾ 20ನೆಯ ಶತಮಾನದಲ್ಲೂ ಮಾರಾಟದಲ್ಲಿತ್ತು. 1971ರಲ್ಲಿ ಕಾಲಿನ್ ಸ್ಮಿತ್ ಸಂಪಾದಿಸಿದ ಕಾಲಿನ್ಸ್, 1994ರ ಆಕ್ಸ್‌ಫರ್ಡ್ ಇವು ಈಚಿನ ದೊಡ್ಡ ಕೃತಿಗಳು. ಕನ್ನಡದ ಕಥೆ ಬೇರೆ: ಪಾದ್ರಿ ರೀವ್‌ನಿಂದ ಹಿಡಿದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶದವರೆಗೆ ನಮ್ಮಲ್ಲಿ ನಿಘಂಟಿನ ಬೆನ್ನಿಗೆ ಮಿಷನ್ ನಿಂತಿತ್ತು. ಇಂಗ್ಲಿಷ್–ಸ್ಪ್ಯಾನಿಷಿನ ಬೆನ್ನಿಗಿದ್ದದ್ದು ರಾಜಕಾರಣ, ವ್ಯಾಪಾರ ಮತ್ತು ದೇಶ ಬಿಟ್ಟು ಬಂದವರ ಹೊಟ್ಟೆಪಾಡು.

ನೆಂಟಸ್ತಿಕೆಯ ಎರಡು ಪದರ

ಎರಡು ಭಾಷೆಗಳ ಹಳೆಯ ನಂಟು ಮೇಲುನೋಟಕ್ಕೆ ಕಾಣುವುದಿಲ್ಲ. ಇಂಗ್ಲಿಷಿನ ‘ಫಾದರ್’ಗೆ ಸ್ಪ್ಯಾನಿಷಿನಲ್ಲಿ ‘ಪಾದ್ರೆ’, ‘ಫುಟ್’ಗೆ ‘ಪಿಯೆ’, ‘ತ್ರೀ’ಗೆ ‘ತ್ರೆಸ್’. ಜರ್ಮ್ಯಾನಿಕ್ ಕವಲಿನಲ್ಲಿ ಮೂಲದ ‘ಪ’ಕಾರ ‘ಫ’ ಆಯಿತು, ಲ್ಯಾಟಿನ್ನಿನಲ್ಲಿ ಹಾಗೇ ಉಳಿಯಿತು. ಸಂಸ್ಕೃತದ ಪಿತೃ, ಪಾದ, ತ್ರಿ ಎಂಬ ಪದಗಳನ್ನು ಬಳಸುವ ಕನ್ನಡಿಗರ ಕಿವಿಗೆ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಸ್ಪ್ಯಾನಿಷೇ ಹತ್ತಿರ.

ಹೊಸ ನಂಟು ಕಣ್ಣಿಗೆ ಹೊಡೆಯುವಂತಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು, ಆಮೇಲೆ ವಿದ್ವಾಂಸರ ಮೂಲಕ ನೇರ ಲ್ಯಾಟಿನ್ ಪದಗಳು ಇಂಗ್ಲಿಷಿಗೆ ಹೊಳೆಯಾಗಿ ಹರಿದವು. ಫ್ರೆಂಚ್ ಸ್ಪ್ಯಾನಿಷಿನ ಒಡಹುಟ್ಟು. ಹೀಗಾಗಿ ‘ನೇಷನ್’ಗೆ ‘ನಸಿಯೋನ್’, ‘ಯೂನಿವರ್ಸಿಟಿ’ಗೆ ‘ಉನಿವೆರ್ಸಿದಾದ್’, ‘ಫೇಮಸ್’ಗೆ ‘ಫಮೋಸೊ’ ಎಂದು ಪ್ರತ್ಯಯ ಬದಲಿಸಿದರೆ ಸಾಕು, ಸಾವಿರಾರು ಪದಗಳು ಕೈಗೆ ಬರುತ್ತವೆ. ಆದರೆ ಇವುಗಳ ಮಟ್ಟ ಒಂದೇ ಅಲ್ಲ. ಸ್ಪ್ಯಾನಿಷಿನಲ್ಲಿ ಯಾವ ಕಟ್ಟಡವಾದರೂ ‘ಎದಿಫಿಸಿಯೊ’. ಇಂಗ್ಲಿಷಿನಲ್ಲಿ ‘ಎಡಿಫಿಸ್’ ಎಂದರೆ ಭಾಷಣದ ಮಾತು. ಬಸ್ಸಿನ ವೇಗವೂ ಅಲ್ಲಿ ‘ವೆಲೊಸಿದಾದ್’. ಇಂಗ್ಲಿಷಿನಲ್ಲಿ ‘ವೆಲಾಸಿಟಿ’ ಭೌತಶಾಸ್ತ್ರದ ತರಗತಿಗೆ ಸೇರಿದ್ದು. ನೀರು ಎನ್ನುವಲ್ಲಿ ಜಲ, ಮನೆ ಎನ್ನುವಲ್ಲಿ ಗೃಹ ಎಂದರೆ ಹೇಗಾದೀತೋ ಹಾಗೆ. ಇಂಗ್ಲಿಷ್ ಕಲಿಯುವ ಸ್ಪ್ಯಾನಿಷ್ ಮಾತಿನವರು ಕೆಲವೊಮ್ಮೆ ಪಂಡಿತರಂತೆ ಮಾತಾಡುವುದಕ್ಕೆ ಇದೇ ಕಾರಣ. ಅವರು ಮನೆಮಾತನ್ನೇ ಆಡುತ್ತಿರುತ್ತಾರೆ.

ಸ್ಪ್ಯಾನಿಷಿನಲ್ಲಿ ಇಂಗ್ಲಿಷಿಗಿಲ್ಲದ ಇನ್ನೊಂದು ದಟ್ಟ ಪದರವಿದೆ: ಅರಬ್ಬಿ. ಐಬೀರಿಯಾದಲ್ಲಿ 711ರಿಂದ 1492ರವರೆಗೆ ನಡೆದ ಮುಸ್ಲಿಂ ಆಳ್ವಿಕೆ ದಿಂಬಿಗೆ ‘ಅಲ್ಮೊಆದಾ’, ಎಣ್ಣೆಗೆ ‘ಅಸೇಯ್ತೆ’, ಹತ್ತಿಗೆ ‘ಅಲ್ಗೊದೋನ್’ ಎಂಬ ಹೆಸರು ಬಿಟ್ಟುಹೋಯಿತು. ಕಿತ್ತಳೆಯ ‘ನರಾನ್ಹಾ’ ಮತ್ತು ಇಂಗ್ಲಿಷಿನ ‘ಆರೆಂಜ್’ ಎರಡೂ ಸಂಸ್ಕೃತದ ನಾರಂಗದಿಂದ ಪರ್ಷಿಯನ್, ಅರಬ್ಬಿ ದಾಟಿ ಹೋದವು. ಸ್ಪ್ಯಾನಿಷ್ ಮೊದಲ ‘ನ’ಕಾರ ಉಳಿಸಿಕೊಂಡಿತು.

ಸಾಲ ಎದುರು ದಿಕ್ಕಿನಲ್ಲೂ ನಡೆದಿದೆ. ಸ್ಪ್ಯಾನಿಷಿನ ನಾಲ್ಕು ದಿಕ್ಕುಗಳ ಹೆಸರು, ಅಂದರೆ ನೋರ್ತೆ, ಸುರ್, ಎಸ್ತೆ, ಒಯೆಸ್ತೆ, ಹಳೆಯ ಇಂಗ್ಲಿಷಿನಿಂದ ಫ್ರೆಂಚ್ ಮೂಲಕ ಬಂದವು. 19–20ನೆಯ ಶತಮಾನಗಳಲ್ಲಿ ‘ಲಿದೆರ್’, ‘ಮಿತಿನ್’, ‘ಫುತ್ಬೋಲ್’, ‘ಚಂಪೂ’ ಸೇರಿದವು. ಕೊನೆಯದು ನಮ್ಮ ದೇಶದ ಪದವೇ: ಹಿಂದಿಯ ‘ಚಾಂಪೊ’ ಇಂಗ್ಲಿಷಿನಲ್ಲಿ ಶಾಂಪೂ ಆಗಿ ಅಲ್ಲಿಗೆ ಹೋಯಿತು. ‘ಸ್’ ಜೊತೆ ಒತ್ತಕ್ಷರದಿಂದ ಶುರುವಾಗುವ ಪದ ಸ್ಪ್ಯಾನಿಷ್ ನಾಲಗೆಗೆ ಒಗ್ಗದು. ಮುಂದೊಂದು ‘ಎ’ಕಾರ ಬೇಕೇಬೇಕು: ‘ಎಸ್ತ್ರೆಸ್’, ‘ಎಸ್ಲೋಗನ್’, ‘ಎಸ್ಕ್ವೇಲಾ’. ಇಸ್ಕೂಲು, ಇಸ್ಟೇಷನ್ನು ಎನ್ನುವ ನಮ್ಮ ಹಳ್ಳಿಯ ಬಾಯಿ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಸ್ಪ್ಯಾನಿಷಿನಲ್ಲಿ ಅದು ನಿಘಂಟಿನ ರೂಪ.

ಹೋಲಿಕೆಯ ಬಲೆ

ರೂಪ ಒಂದೇ ಥರ ಇದ್ದು ಅರ್ಥದಲ್ಲಿ ಕೈಕೊಡುವ ಪದಗಳನ್ನು ಭಾಷಾಬೋಧಕರು ಸುಳ್ಳುಗೆಳೆಯರು ಎನ್ನುತ್ತಾರೆ. ಕರ್ನಾಟಕದಲ್ಲಿ ಸ್ಪ್ಯಾನಿಷ್ ಕಲಿಯುವವರು ಹೆಚ್ಚಾಗಿ ಇಂಗ್ಲಿಷ್ ಮೂಲಕವೇ ಕಲಿಯುವುದರಿಂದ ಈ ಬಲೆ ಅವರಿಗೂ ಹಾಸಿದ್ದೇ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಹೆಸರು ಮಾಡುವುದು ‘ಎಂಬರಸಾದಾ’. ಮುಜುಗರವಾಯಿತು ಎನ್ನಲು ಹೋದ ಹೆಣ್ಣುಮಗಳು ತಾನು ಬಸುರಿ ಎಂದು ಸಾರಿದಂತಾಗುತ್ತದೆ. ‘ಎಕ್ಸಿತೊ’ ಹೊರದಾರಿಯಲ್ಲ, ಗೆಲುವು, ಹೊರದಾರಿಗೆ ‘ಸಲಿದಾ’. ‘ಲಿಬ್ರೆರಿಯಾ’ ಪುಸ್ತಕದಂಗಡಿ, ‘ಕಾರ್ಪೆತಾ’ ಕಡತ, ‘ರೋಪಾ’ ಬಟ್ಟೆ, ‘ಲಾರ್ಗೊ’ ಉದ್ದ. ಸ್ಪೇನಿನಲ್ಲಿ ‘ಕೊನ್ಸ್ತಿಪಾದೊ’ ಎಂದವನಿಗೆ ಕಟ್ಟಿರುವುದು ಮೂಗು, ಹೊಟ್ಟೆಯಲ್ಲ.

ಇವು ನಗಿಸಿ ಬಿಟ್ಟುಬಿಡುವಂಥವು. ಸಂದರ್ಭದಲ್ಲಿ ಸಲೀಸಾಗಿ ಕೂತು ಯಾರ ಕಣ್ಣಿಗೂ ಬೀಳದೆ ಅರ್ಥ ಬದಲಿಸುವವು ಹೆಚ್ಚು ಕೆಡುಕಿನವು. ‘ಆಕ್ತ್ವಾಲ್’ ಎಂದರೆ ನಿಜವಾದ ಅಲ್ಲ, ಸದ್ಯದ. ‘ಅಸಿಸ್ತಿರ್’ ಎಂದರೆ ಸಾಮಾನ್ಯವಾಗಿ ನೆರವಾಗುವುದಲ್ಲ, ಹಾಜರಾಗುವುದು. ‘ಸೆನ್ಸಿಬ್ಲೆ’ ವಿವೇಕಿಯಲ್ಲ, ಸೂಕ್ಷ್ಮ ಮನಸ್ಸಿನವನು. ‘ಪ್ರೆತೆಂದೆರ್’ ನಟನೆಯಲ್ಲ, ಉದ್ದೇಶ ಅಥವಾ ಪ್ರಯತ್ನ. ಅನುವಾದದ ಪರೀಕ್ಷಕರು ಮೊದಲು ಕಣ್ಣು ಹಾಯಿಸಬೇಕಾದದ್ದು ಇಲ್ಲಿ.

ದುಡ್ಡಿನ ಲೆಕ್ಕದಲ್ಲಂತೂ ತಪ್ಪು ಸಾವಿರ ಪಟ್ಟು. ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ಸ್ಪ್ಯಾನಿಷಿನ ‘ಬಿಯೋನ್’ ಒಂದು ಲಕ್ಷ ಕೋಟಿ. ಇಂಗ್ಲಿಷ್ ಬಿಲಿಯನ್ನಿಗೆ ಸ್ಪ್ಯಾನಿಷಿನಲ್ಲಿ ‘ಮಿಲ್ ಮಿಯೋನೆಸ್’ ಎನ್ನಬೇಕು, ಅಂದರೆ ಸಾವಿರ ಮಿಲಿಯನ್. ಗೊಂದಲ ತಪ್ಪಿಸಲು ರಾಜ ಅಕಾಡೆಮಿ ‘ಮಿಯಾರ್ದೊ’ ಎಂಬ ಒಂಟಿ ಪದವನ್ನು ಒಪ್ಪಿಕೊಂಡಿತು. ಜನ ಅಷ್ಟಾಗಿ ಒಪ್ಪಿಕೊಳ್ಳಲಿಲ್ಲ.

ಪುಟ್ಟ ಪದ, ಉದ್ದ ನಮೂದು

ಇಂಗ್ಲಿಷಿನ ‘ಬಿ’ ಎಂಬ ಕ್ರಿಯಾಪದಕ್ಕೆ ಸ್ಪ್ಯಾನಿಷಿನಲ್ಲಿ ‘ಸೆರ್’, ‘ಎಸ್ತಾರ್’ ಎಂಬ ಎರಡಿವೆ. ಸ್ವಭಾವಕ್ಕೆ ಒಂದು, ಸ್ಥಿತಿಗೆ ಇನ್ನೊಂದು ಎಂದು ಪಾಠಪುಸ್ತಕ ಹೇಳುತ್ತದೆ. ‘ಲಿಸ್ತೊ’ ಎಂಬ ವಿಶೇಷಣದ ಜೊತೆ ಸೆರ್ ಬಂದರೆ ಚುರುಕುಬುದ್ಧಿಯವನು, ಎಸ್ತಾರ್ ಬಂದರೆ ತಯಾರಾಗಿದ್ದಾನೆ. ‘ಅಬುರ್ರಿದೊ’ ಸೆರ್ ಜೊತೆ ಬೇಸರ ಹುಟ್ಟಿಸುವವನು, ಎಸ್ತಾರ್ ಜೊತೆ ಬೇಸರಗೊಂಡವನು. ಆದರೆ ಸತ್ತುಹೋದವನಿಗೆ ಎಸ್ತಾರ್ ಬಳಸುತ್ತಾರೆ. ಸಾವಿಗಿಂತ ಶಾಶ್ವತ ಸ್ಥಿತಿ ಯಾವುದಿದೆ ಎಂದು ವಿದ್ಯಾರ್ಥಿ ಕೇಳಿದರೆ ಪಾಠಪುಸ್ತಕದ ಸೂತ್ರ ಬಾಯಿಮುಚ್ಚುತ್ತದೆ. ‘ಫಾರ್’ಗೆ ‘ಪೊರ್’ ಮತ್ತು ‘ಪಾರಾ’, ‘ನೋ’ಗೆ ‘ಸಬೇರ್’ ಮತ್ತು ‘ಕೊನೊಸೇರ್’, ‘ಕಾರ್ನರ್’ಗೆ ಕೋಣೆಯ ಒಳಮೂಲೆಯಾದರೆ ‘ರಿಂಕೋನ್’, ಬೀದಿಯ ಹೊರಮೂಲೆಯಾದರೆ ‘ಎಸ್ಕೀನಾ’. ಮೀನು ನೀರಿನಲ್ಲಿದ್ದರೆ ‘ಪೆಸ್’, ಹಿಡಿದು ತಂದ ಮೇಲೆ ‘ಪೆಸ್ಕಾದೊ’.

ತಿರುಗಿಸಿ ನೋಡಿದರೆ ಇಂಗ್ಲಿಷಿನಲ್ಲಿ ಎರಡಾಗಿ ಒಡೆದದ್ದು ಸ್ಪ್ಯಾನಿಷಿನಲ್ಲಿ ಒಂದೇ. ಕೈಬೆರಳಿಗೂ ಕಾಲ್ಬೆರಳಿಗೂ ‘ದೇದೊ’, ಗೋಡೆಯದಕ್ಕೂ ಮಣಿಕಟ್ಟಿನದಕ್ಕೂ ‘ರೆಲೋಹ್’. ಬೆರಳು, ಗಡಿಯಾರ ಎನ್ನುವ ನಮಗೆ ಇದರಲ್ಲಿ ವಿಚಿತ್ರವೇನಿಲ್ಲ. ನೀನು–ನೀವು ಭೇದವೂ ‘ತೂ’, ‘ಉಸ್ತೇದ್’ ಆಗಿ ಅಲ್ಲಿದೆ. ವಾಕ್ಯದ ಮಟ್ಟದಲ್ಲಿ ಹೋಲಿಕೆ ಇನ್ನೂ ಆಳ. ಇಂಗ್ಲಿಷಿನವನು ಕಾಫಿಯನ್ನು ಇಷ್ಟಪಡುತ್ತಾನೆ. ಸ್ಪ್ಯಾನಿಷಿನವನು ‘ಮೆ ಗುಸ್ತಾ ಎಲ್ ಕಫೆ’ ಎನ್ನುತ್ತಾನೆ: ನನಗೆ ಕಾಫಿ ಇಷ್ಟ. ಇಂಗ್ಲಿಷ್ ಮಕ್ಕಳು ತಿಂಗಳುಗಟ್ಟಲೆ ತಡವರಿಸುವ ಈ ಚತುರ್ಥಿ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದಿದೆ. ಮೇಷ್ಟ್ರು ಇಂಗ್ಲಿಷ್ ಮೂಲಕ ಪಾಠ ಹೇಳುತ್ತಾ ಅದನ್ನು ಮರೆಸಿಬಿಡುವುದೇ ಬೇಸರದ ಸಂಗತಿ.

ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ, ಇಂಗ್ಲಿಷ್ ಎರಡೂ ಕೈಚೆಲ್ಲುತ್ತವೆ. ಮೇಜು ಹೆಣ್ಣು, ಪುಸ್ತಕ ಗಂಡು. ಪ್ರತಿ ನಾಮಪದದ ಪಕ್ಕ ನಿಘಂಟು ಅದನ್ನು ನಮೂದಿಸಲೇಬೇಕು. ‘ಎಲ್ ಕಪಿತಾಲ್’ ಬಂಡವಾಳ, ‘ಲಾ ಕಪಿತಾಲ್’ ರಾಜಧಾನಿ. ‘ಎಲ್ ಕೊಮೇತಾ’ ಧೂಮಕೇತು, ‘ಲಾ ಕೊಮೇತಾ’ ಗಾಳಿಪಟ.

ಹಡಗಿನಲ್ಲಿ ಬಂದ ಪದಗಳು

ಕೊಲಂಬಸ್ 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋದ ಮೂರೇ ವರ್ಷದಲ್ಲಿ, ಸುಮಾರು 1495ರಲ್ಲಿ, ಆಂಟೋನಿಯೊ ದೆ ನೆಬ್ರಿಹಾ ತನ್ನ ಸ್ಪ್ಯಾನಿಷ್–ಲ್ಯಾಟಿನ್ ಪದಕೋಶದಲ್ಲಿ ‘ಕನೋವಾ’ ಎಂಬ, ಆ ದ್ವೀಪಗಳ ತೈನೊ ಭಾಷೆಯ ಪದವನ್ನು ಸೇರಿಸಿಕೊಂಡ. ಯುರೋಪಿನ ಪದಕೋಶಕ್ಕೆ ಬಂದ ಮೊದಲ ಅಮೆರಿಕದ ಪದ ಅದು. ಇಂಗ್ಲಿಷಿನ ಹರಿಕೇನ್, ಹ್ಯಾಮಕ್, ಬಾರ್ಬೆಕ್ಯೂ ಇದೇ ದಾರಿಯಲ್ಲಿ ಬಂದವು. ಮೆಕ್ಸಿಕೊದ ನಾವಾತ್ಲ್ ಭಾಷೆಯಿಂದ ಟೊಮೇಟೊ, ಅವೊಕಾಡೊ, ಚಿಲ್ಲಿ. ಸೊಳ್ಳೆಯ ‘ಮಸ್ಕಿಟೊ’ ಸ್ಪ್ಯಾನಿಷಿನಲ್ಲಿ ಪುಟ್ಟ ನೊಣ. ‘ಎಲ್ ಲಗಾರ್ತೊ’, ಅಂದರೆ ಹಲ್ಲಿ, ಇಂಗ್ಲಿಷ್ ನಾವಿಕರ ಬಾಯಲ್ಲಿ ಅಲಿಗೇಟರ್ ಆಯಿತು.

ಬಟಾಟೆಯ ಪಯಣ ನಮ್ಮ ಕರಾವಳಿಗೂ ತಾಕಿತು. ತೈನೊ ಜನ ‘ಬತಾತಾ’ ಎನ್ನುತ್ತಿದ್ದದ್ದು ಗೆಣಸಿಗೆ. ಆಂಡೀಸ್ ಪರ್ವತದ ಆಲೂಗಡ್ಡೆಗೆ ಕೆಚುವಾ ಭಾಷೆಯ ಹೆಸರು ‘ಪಾಪಾ’. ಸ್ಪೇನಿನವರು ಎರಡನ್ನೂ ಬೆರೆಸಿ ‘ಪತಾತಾ’ ಮಾಡಿದರು, ಇಂಗ್ಲಿಷಿನವರು ಪೊಟೇಟೊ ಮಾಡಿದರು. ಪೋರ್ಚುಗೀಸರು ‘ಬತಾತಾ’ವನ್ನು ಗೋವೆಗೆ ತಂದರು, ಅಲ್ಲಿಂದ ಬಟಾಟೆ. ಪೋರ್ಚುಗೀಸ್ ಸ್ಪ್ಯಾನಿಷಿನ ತಂಗಿಯಂತಿರುವುದರಿಂದ ಕರಾವಳಿಯ ಕನ್ನಡಿಗರಿಗೆ ಗೊತ್ತಿಲ್ಲದೆಯೇ ಕೆಲವು ಸ್ಪ್ಯಾನಿಷ್ ಪದ ಬಂದಿವೆ: ಪಾದ್ರಿಗೆ ಅಲ್ಲಿಯೂ ‘ಪಾದ್ರೆ’, ಬಾಲ್ದಿಗೆ ‘ಬಾಲ್ದೆ’, ಅಲಮಾರಿಗೆ ‘ಅರ್ಮಾರಿಯೊ’.

ಹೊಸ ಪದಾರ್ಥಕ್ಕೆ ಹಳೆ ಹೆಸರು ಹಚ್ಚುವುದರಲ್ಲೂ ಸಾಮ್ಯವಿದೆ. ಕರಿಮೆಣಸಿಗೆ ‘ಪಿಮಿಯೆಂತಾ’; ಖಾರದ ಹೊಸ ಕಾಯಿ ಬಂದಾಗ ಕೊನೆಯ ಸ್ವರ ಬದಲಿಸಿ ‘ಪಿಮಿಯೆಂತೊ’ ಎಂದರು. ನಾವು ಮೆಣಸಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಮಾಡಿಕೊಂಡೆವು. ಇಂಗ್ಲಿಷ್ ಎರಡಕ್ಕೂ ‘ಪೆಪ್ಪರ್’ ಎಂದು ಸುಮ್ಮನಾಯಿತು. ಇಂಗ್ಲಿಷ್ ಅಡುಗೆ ಪುಸ್ತಕವನ್ನು ಸ್ಪ್ಯಾನಿಷಿಗೆ ತರುವವರು ಈ ಪದದ ಮುಂದೆ ನಿಂತು ಯೋಚಿಸಲೇಬೇಕು.

ಯಾವ ಊರಿನ ಸ್ಪ್ಯಾನಿಷ್?

ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಆದ್ದರಿಂದ ‘ಕಾರ್’ಗೆ ಸ್ಪ್ಯಾನಿಷಿನಲ್ಲಿ ಏನು ಎಂದರೆ ಮೊದಲು ಊರು ಕೇಳಬೇಕು: ಸ್ಪೇನಿನಲ್ಲಿ ‘ಕೋಚೆ’, ಕೊಲಂಬಿಯಾದಲ್ಲಿ ‘ಕಾರ್ರೊ’, ಅರ್ಜೆಂಟೀನಾದಲ್ಲಿ ‘ಆವ್ತೊ’. ಕಂಪ್ಯೂಟರ್ ಸ್ಪೇನಿನಲ್ಲಿ ಫ್ರೆಂಚ್ ಮಾದರಿಯ ‘ಒರ್ದೆನದೋರ್’, ಮೆಕ್ಸಿಕೊದಲ್ಲಿ ‘ಕಂಪುತದೋರಾ’. ಕ್ಯೂಬಾದಲ್ಲಿ ‘ಗ್ವಾಗ್ವಾ’ ಎಂದರೆ ಬಸ್ಸು, ಚಿಲಿಯಲ್ಲಿ ಕೈಗೂಸು. ಸ್ಪೇನಿನವರು ಬಸ್ಸು ಹಿಡಿಯಲು ದಿನಾ ಬಳಸುವ ‘ಕೊಹೇರ್’ ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ನಾಲ್ಕು ಜನರ ಮುಂದೆ ಆಡುವ ಮಾತಲ್ಲ. ಹಳೆಯ ನಿಘಂಟುಗಳು ಮ್ಯಾಡ್ರಿಡ್ಡನ್ನೇ ಅಳತೆಗೋಲು ಮಾಡಿಕೊಂಡಿದ್ದವು. ಅವುಗಳಲ್ಲಿ ಪದಗಳ ಕ್ರಮವೂ ಬೇರೆ: 1994ರಲ್ಲಿ ಸ್ಪ್ಯಾನಿಷ್ ಭಾಷೆಯ ಅಕಾಡೆಮಿಗಳ ಒಕ್ಕೂಟ ‘ಚ’ ಮತ್ತು ‘ಯ್ಯ’ ಧ್ವನಿಗಳ ಜೋಡಿ ಅಕ್ಷರಗಳಿಗೆ ಇದ್ದ ಪ್ರತ್ಯೇಕ ಸ್ಥಾನವನ್ನು ತೆಗೆದುಹಾಕಿದಾಗ ಪದಗಳ ಅಕಾರಾದಿಯೂ ಬದಲಾಯಿತು. ಹಳೆಯ ಪ್ರತಿ ಕೈಗೆತ್ತಿಕೊಂಡವರು ‘ಚ’ ಪದಗಳನ್ನು ಬೇರೆ ವಿಭಾಗದಲ್ಲಿ ಹುಡುಕಬೇಕು.

1999ರಲ್ಲಿ ಶುರುವಾದ ವರ್ಡ್‌ರೆಫರೆನ್ಸ್ ಮತ್ತು 2006ರ ಗೂಗಲ್ ಟ್ರಾನ್ಸ್‌ಲೇಟ್ ಬಂದ ಮೇಲೆ ದಪ್ಪ ನಿಘಂಟು ಕಪಾಟು ಸೇರಿತು. ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬದುಕುವ ಜಾಗ ಈಗ ಅಮೆರಿಕ ಸಂಯುಕ್ತ ಸಂಸ್ಥಾನ. 2020ರ ಜನಗಣತಿಯಲ್ಲಿ ಅಲ್ಲಿ 6.2 ಕೋಟಿ ಜನ ತಮ್ಮನ್ನು ಹಿಸ್ಪಾನಿಕ್ ಎಂದು ಗುರುತಿಸಿಕೊಂಡರು. ಅವರೆಲ್ಲರ ಮನೆಮಾತು ಸ್ಪ್ಯಾನಿಷ್ ಅಲ್ಲದಿದ್ದರೂ ಬಹಳ ಮಂದಿಯದು ಹೌದು. ಗಾಡಿ ನಿಲ್ಲಿಸುವುದು ಅಲ್ಲಿ ‘ಪರ್ಕೆಯಾರ್’, ಟ್ರಕ್ಕು ‘ತ್ರೋಕಾ’, ಮಧ್ಯಾಹ್ನದ ಊಟ ‘ಲೋಂಚೆ’. ಇಂಗ್ಲಿಷ್ ಪದಕ್ಕೆ ನಾವು ಮಾಡು ಹಚ್ಚಿ ಪಾರ್ಕ್ ಮಾಡು, ಚಾಟ್ ಮಾಡು ಎನ್ನುವಂತೆ ಅವರು ‘ಎಯಾರ್’ ಹಚ್ಚುತ್ತಾರೆ. ಈ ಮಿಶ್ರಮಾತಿಗೆ ‘ಎಸ್ಪಾಂಗ್ಲಿಷ್’ ಎಂದು ಹೆಸರು. ಅದನ್ನು ತನ್ನ ನಿಘಂಟಿನ 2014ರ ಆವೃತ್ತಿಗೆ ಸೇರಿಸಿಕೊಳ್ಳುವಾಗ ರಾಜ ಅಕಾಡೆಮಿ ಮೊದಲು ಬರೆದ ವಿವರಣೆಯಲ್ಲಿ, ಎರಡು ಭಾಷೆಗಳ ಅಂಶಗಳನ್ನು ಕೆಡಿಸಿ ಬೆರೆಸುವ ಮಾತು ಎಂಬ ಅರ್ಥವಿತ್ತು. 1973ರಲ್ಲಿ ಸ್ಥಾಪನೆಯಾದ ಉತ್ತರ ಅಮೆರಿಕದ ಸ್ಪ್ಯಾನಿಷ್ ಅಕಾಡೆಮಿ ಆಕ್ಷೇಪ ಎತ್ತಿತು. ಕೆಡಿಸಿ ಎಂಬುದನ್ನು ತೆಗೆದು, ಬೆರೆಸುವ ಎಂಬುದನ್ನು ಉಳಿಸಿಕೊಂಡರು.